ಡೇರೆ, ಮಿಶ್ರ ಬಣ್ಣ

ಹೋದ ವಾರ ನೀಲಮ್ಮ ಅಂಗಡಿಗೆ ಬಂದಿದ್ದಳು. ಶಿರಸಿ ಪೇಟೆಯ ಈ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ನನ್ನದು. ಸೇರಿ ಐದು ವರ್ಷವಾಯಿತು. ಬೇವಿನ ಹಿಂಡಿ ಹನ್ನೆರಡು ಚೀಲ ಬೇಕು ಅಂದಳು. ಒಂದು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ, "ಹ್ವಾದ ಸಲದ್ದು ಹಳೇ ಮಾಲ್ ಇತ್ರಿ ಅಕ್ಕಾರ, ಇದು ಚಲೋ ಐತಿ ನೋಡ್ರಿ" ಎಂದು ನನ್ನ ಮೂಗಿನ ಹತ್ತಿರ ಹಿಡಿದಳು. ಗಂಟಲಿಗೆ ಇಳಿಯುವ ಆ ಕಹಿ ವಾಸನೆ ಒಮ್ಮೆ ಕೈಗೆ ಹತ್ತಿತೆಂದರೆ ಎರಡು ದಿನ ಅನ್ನದಲ್ಲೂ ಬರುತ್ತದೆ. ನಾನು ತಲೆ ತಗ್ಗಿಸಿ ಬಿಲ್ಲು ಬರೆದೆ. ನೀಲಮ್ಮನ ಕೈಕೆಳಗೆ ಈಗ ಹದಿನಾಲ್ಕು ಜನರಿದ್ದಾರೆ, ಸ್ವಂತ ಗೂಡ್ಸ್ ಗಾಡಿಯಿದೆ. ಯಲ್ಲಾಪುರದಿಂದ ಹುಬ್ಬಳ್ಳಿಯವರೆಗೆ ಯಾರ ಮನೆಯ ಮುಂದೆ ಹುಲ್ಲು ಹಾಸಬೇಕಾದರೂ ಅವಳನ್ನೇ ಕರೆಯುತ್ತಾರೆ. ಹೋಗುವಾಗ ಪ್ರತಿ ಸಲ ಕೇಳುವುದನ್ನೇ ಕೇಳಿದಳು. "ಬರ್ರಿ ಅಕ್ಕಾರ ನಮ್ಮ ಜೋಡಿ. ಈ ಕುರ್ಚಿ ಮ್ಯಾಲ ಕುಂತು ಏನ್ ಮಾಡ್ತೀರಿ?" ಪ್ರತಿ ಸಲ ಹೇಳುವುದನ್ನೇ ನಾನೂ ಹೇಳಿದೆ, "ನೋಡೋಣ." ನೋಡುವುದಕ್ಕೆ ಏನೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತು.

ಆ ಕೆಲಸ ಶುರು ಮಾಡಿದವಳು ನಾನು. ಒಂದೇ ವರ್ಷ ನಡೆಸಿದೆ. ಇದನ್ನು ಹೇಳಿಕೊಂಡರೆ ಜನ ಸಾಲ ಎಷ್ಟಾಗಿತ್ತು ಎಂದು ಕೇಳುತ್ತಾರೆ. ಸಾಲ ತೀರಿತು. ಸಾಲ ತೀರಿಸುವುದು ಅಂಥ ದೊಡ್ಡ ವಿಷಯವಲ್ಲ.

ಅದಕ್ಕೂ ಮೊದಲು ನಾನು, ನೀಲಮ್ಮ ಇಬ್ಬರೂ ಬನವಾಸಿ ರಸ್ತೆಯ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದೆವು. ನಾನು ಕಸಿ ಕಟ್ಟುತ್ತಿದ್ದೆ, ಅವಳು ಹೆಣ್ಣಾಳುಗಳ ಮೇಲ್ವಿಚಾರಣೆಗೆ. ಬನವಾಸಿ ಕಡೆಯ ಒಕ್ಕಲುತನದ ಮನೆಯಿಂದ ಬಂದವಳು; ಮಣ್ಣು ಮುಟ್ಟಿ ನೋಡಿ ನೀರು ಯಾವಾಗ ಬೇಕು ಎಂದು ಹೇಳಿಬಿಡುತ್ತಿದ್ದಳು. ಆಗ ಯಲ್ಲಾಪುರದ ಸುತ್ತ ಮಳೆಗಾಲದ ಅಣಬೆಯ ಹಾಗೆ ಹೋಮ್‌ಸ್ಟೇಗಳು ಏಳುತ್ತಿದ್ದವು. ಎಲ್ಲರಿಗೂ ಮನೆಯ ಮುಂದೆ ಹಸಿರು ಹಾಸು ಬೇಕು, ಹೂವಿನ ಸಾಲು ಬೇಕು, ಫೋಟೋ ಚೆನ್ನಾಗಿ ಬರಬೇಕು. ನರ್ಸರಿಯ ಯಜಮಾನರು ಒಂದು ಮನೆಗೆ ಹುಲ್ಲು ಹಾಸಿ ತೆಗೆದುಕೊಂಡ ದುಡ್ಡು ನನ್ನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿಯಿತ್ತು. ಹಾಸಿದವರು ನಾವು. ನನಗೆ ಹೊಟ್ಟೆ ಉರಿಯಿತು. ಶಿವರಾತ್ರಿ ಕಳೆದ ಮೇಲೆ ಕೆಲಸ ಬಿಟ್ಟು, ಹೆಂಗಸರ ಸಂಘದಿಂದ ಐವತ್ತು ಸಾವಿರ ಸಾಲ ತೆಗೆದು, ಹಳೆಯ ಹುಲ್ಲು ಕತ್ತರಿಸುವ ಯಂತ್ರ, ಎರಡು ಕೈಗಾಡಿ, ಪಿಕಾಸಿ, ಗುದ್ದಲಿ, ನೂರು ಮೀಟರ್ ಪೈಪು ಕೊಂಡೆ. ನೀಲಮ್ಮನೂ ಮೂವರು ಹೆಂಗಸರನ್ನು ಕಟ್ಟಿಕೊಂಡು ನನ್ನ ಜೊತೆ ಬಂದಳು. ನಮ್ಮನೆಯವರು ಬಸ್ಸಿನ ಕಂಡಕ್ಟರ್. "ಚಿಲ್ಲರೆ ಇಟ್ಕಳ್ದೆ ಇದ್ದವ್ರು ವ್ಯಾಪಾರಕ್ಕೆ ಇಳಿಯಲಾಗ" ಎಂದು ನಕ್ಕರೇ ಹೊರತು ಬೇಡ ಎನ್ನಲಿಲ್ಲ. ಹೊಸ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ 'ಶುಭ ಲಾಭ' ಎಂದು ಬರೆದೆ. ಆ ಪುಸ್ತಕದಲ್ಲಿ ಲಾಭ ಎನ್ನುವ ಶಬ್ದ ಬಂದದ್ದು ಅದೊಂದೇ ಸಲ.

ಮೊದಲ ಕೆಲಸ ಸಿಕ್ಕಿದ್ದು ಯಲ್ಲಾಪುರದ ನಂದೊಳ್ಳಿ ದಾರಿಯಲ್ಲಿ. ಮಾಲೀಕರ ಹೆಸರು ಪ್ರಸನ್ನ, ಪೇಟೆಯಲ್ಲಿ ಹಾರ್ಡ್‌ವೇರ್ ವ್ಯಾಪಾರ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಅವರು ಹುಬ್ಬಳ್ಳಿಯಿಂದ ಎರಡು ಕೊಟೇಶನ್ ತರಿಸಿದ್ದರು. ನನ್ನದು ಎರಡಕ್ಕಿಂತಲೂ ಕಡಿಮೆ, ಒಂದು ಲಕ್ಷ ಎಂಬತ್ತು ಸಾವಿರ. ಮೂರು ಕಂತು: ಒಪ್ಪಿದಾಗ ಒಂದು, ಹುಲ್ಲು ಹಾಸಿದ ದಿನ ಒಂದು, ಎಲ್ಲ ಮುಗಿದ ಮೇಲೆ ಒಂದು. ನನ್ನದು ಯಾಕೆ ಅಷ್ಟು ಕಡಿಮೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮಣ್ಣು ಬರೆದಿದ್ದೆ, ಗೊಬ್ಬರ ಬರೆದಿದ್ದೆ, ಹುಲ್ಲು, ಆಳು, ಗಾಡಿ ಬಾಡಿಗೆ, ಎಲ್ಲ ಬರೆದಿದ್ದೆ. ಹೂವಿನ ಗಿಡಕ್ಕೆ ಒಂದು ಪೈಸೆಯನ್ನೂ ಬರೆದಿರಲಿಲ್ಲ. ಮರೆತದ್ದಲ್ಲ. ಗಿಡಕ್ಕೆ ದುಡ್ಡು ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ.

ನಾನು ಬೆಳೆದದ್ದು ಸಿದ್ದಾಪುರದ ಮನ್ಮನೆ ಎಂಬ ಹಳ್ಳಿಯಲ್ಲಿ, ದೊಡ್ಡಮ್ಮನ ಹತ್ತಿರ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅವಳ ಅಕ್ಕ ಬಂದು ನನ್ನ ಬಟ್ಟೆಯ ಗಂಟು ಎತ್ತಿಕೊಂಡು ನಡೆದಳು, ನಾನು ಹಿಂದೆ. ದೊಡ್ಡಮ್ಮನ ಅಂಗಳದಲ್ಲಿ ನಲವತ್ತು ಬಗೆಯ ಡೇರೆ ಇತ್ತು, ಪೇಟೆಯವರು ಡೇಲಿಯಾ ಅನ್ನುವ ಹೂವು. ಮೇ ತಿಂಗಳ ಮೊದಲ ಮಳೆ ಬಿದ್ದ ಕೂಡಲೇ ಒಣ ಮರಳಿನಲ್ಲಿ ಇಟ್ಟಿದ್ದ ಗಡ್ಡೆಗಳನ್ನು ತೆಗೆದು ಸಿಮೆಂಟ್ ಚೀಲಗಳಲ್ಲಿ ನೆಡುವುದು, ಚೌತಿಯ ಹೊತ್ತಿಗೆ ಅಂಗಳ ತುಂಬ ಹೂವು. ಕೇರಿಯ ಏಳು ಮನೆಯಲ್ಲೂ ಇದೇ ಹುಚ್ಚು. ಯಾರ ಮನೆಗೆ ಹೋದರೂ ಒಂದು ಗಡ್ಡೆಯನ್ನೋ ಮುರಿದ ಟೊಂಗೆಯ ಒಂದು ಹೆಣೆಯನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಬರುವುದು, ಇನ್ನೊಂದು ದಿನ ಇನ್ನೊಂದನ್ನು ಕೊಟ್ಟು ಬರುವುದು. ಕೊಟ್ಟವರ ಹೆಸರೇ ಗಿಡಕ್ಕೆ. 'ಭಾಗೀರಥಿ ಬಿಳಿ' ಮೇಲಿನ ಮನೆಯ ಭಾಗೀರಥಕ್ಕ ಕೊಟ್ಟದ್ದು. 'ಮಾಸ್ತರ್ರ ಹೆಂಡ್ತಿ ನೇರಳೆ' ಕೊಟ್ಟ ಮಾಸ್ತರರ ಹೆಂಡತಿ ವರ್ಗವಾಗಿ ಹೋಗಿ ಮೂವತ್ತು ವರ್ಷವಾದರೂ ಹೂವು ಅವಳದ್ದೇ. ಗೋಡೆಯ ಮೂಲೆಯಲ್ಲಿ ಒಂದು ಕಡುಕೆಂಪು. ಅದು 'ಕಮಲಿ ಕೆಂಪು'. ಕಮಲಿ ನನ್ನ ಅಮ್ಮ.

ಗಿಡಕ್ಕೆ ದುಡ್ಡು ಕೊಡುವ ಮಾತಿಲ್ಲ, ತೆಗೆದುಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಒಮ್ಮೆ ಪೇಟೆಯಿಂದ ಬಂದ ನೆಂಟರೊಬ್ಬರು ಒಂದು ಗಡ್ಡೆಗೆ ಹತ್ತು ರೂಪಾಯಿ ಚಾಚಿದ್ದಕ್ಕೆ ದೊಡ್ಡಮ್ಮ ಕೈ ಹಿಂದೆ ತೆಗೆದುಕೊಂಡದ್ದು ಕಣ್ಣಿಗೆ ಕಟ್ಟಿದೆ. "ದುಡ್ಡು ತಗಂಡ್ರೆ ಗಿಡ ಮುನ್ಸ್ಕತ್ತು" ಅಂದಿದ್ದಳು, ಮುನಿಸು ಬಂದದ್ದು ಅವಳಿಗೇ ಆದರೂ.

ಆ ಮೇ ತಿಂಗಳಲ್ಲಿ ನಾನು ಗೂಡ್ಸ್ ಗಾಡಿ ಮಾಡಿಕೊಂಡು ಮನ್ಮನೆಗೆ ಹೋದೆ. ಹೊಸ ಕೆಲಸ ಹಿಡಿದಿದ್ದೇನೆ, ಡೇರೆ ಬೇಕು ಎಂದೆ. ಯಾರೂ ಎಷ್ಟು ಎಂದು ಕೇಳಲಿಲ್ಲ. ಏಳು ಅಂಗಳದಿಂದ ನೂರಾ ನಲವತ್ತು ಗಡ್ಡೆ ಬಂತು. ಕಾಬಾಳೆ, ಅಬ್ಬಲಿಗೆ, ಜರಿಗಿಡಗಳ ರಾಶಿ ಬೇರೆ. ದೊಡ್ಡಮ್ಮ ಮರಳಿನ ಡಬ್ಬಿಯನ್ನೇ ಬುಡಮೇಲು ಮಾಡಿ ತನಗೆ ಅರ್ಧ ಇಟ್ಟುಕೊಂಡು ಉಳಿದ ಮೂವತ್ತೊಂದನ್ನು ನನ್ನ ಚೀಲಕ್ಕೆ ಹಾಕಿದಳು. ಕಮಲಿ ಕೆಂಪು ಎರಡಿತ್ತು. ಒಂದು ನನಗೆ.

"ಅದು ಇರ್ಲಿ ದೊಡ್ಡಮ್ಮ" ಎಂದೆ.

"ತಗಂಡು ಹೋಗೆ ಕೂಸೆ. ನಿನ್ನ ಹೊಸ ಕೆಲ್ಸಕ್ಕೆ ಆನು ಬೇರೆ ಎಂತ ಕೊಡ್ಲಿ? ನಾಕು ಜನ ನೋಡ್ಲಿ ಕಮಲಿ ಹೂವ."

ಗಾಡಿ ಹೊರಟಾಗ ಏಳು ಮನೆಯವರೂ ಬೇಲಿಯ ದಣಪೆಯ ಹತ್ತಿರ ನಿಂತಿದ್ದರು. ಆ ದಿನ ನನಗಿದ್ದ ಧೈರ್ಯ ಆಮೇಲೆ ಯಾವತ್ತೂ ಬರಲಿಲ್ಲ. ಪಣಕ್ಕೆ ಇಟ್ಟಿರುವುದು ಸಂಘದ ಐವತ್ತು ಸಾವಿರ ಮಾತ್ರ ಎಂದು ತಿಳಿದಿದ್ದೆ. ಈ ಏಳು ಅಂಗಳವನ್ನೂ ಜೊತೆಗೆ ಇಟ್ಟಿದ್ದೇನೆ ಎಂದು ಗೊತ್ತಿರಲಿಲ್ಲ.

ಕೆಲಸ ಏಪ್ರಿಲ್‌ನಲ್ಲೇ ಮುಗಿಯಬೇಕಿತ್ತು. ಪ್ರಸನ್ನ ಅವರ ಕಾಂಪೌಂಡ್ ಗೋಡೆ ತಡವಾಗಿ ನಮ್ಮ ಮಣ್ಣು ಬೀಳುವಾಗಲೇ ಮೇ ಅರ್ಧ ಕಳೆದಿತ್ತು. ಅಡಿಯಲ್ಲಿ ಚಿರೇಕಲ್ಲಿನ ಗಟ್ಟಿ ನೆಲ, ಮೇಲೆ ನಾವು ಸುರಿದ ಸಡಿಲ ಕೆಮ್ಮಣ್ಣು, ಮನೆಯ ಕಡೆಯಿಂದ ರಸ್ತೆಯ ಕಡೆಗೆ ಇಳಿಜಾರು. ನೀಲಮ್ಮ ಬರಿಗಾಲಲ್ಲಿ ಮಣ್ಣಿನ ಮೇಲೆ ಎರಡು ಸುತ್ತು ನಡೆದು ಬಂದಳು.

"ಮಣ್ಣು ಇನ್ನ ಕುಂತಿಲ್ರಿ ಅಕ್ಕಾರ. ಈ ಮಳಿಗಾಲ ಕಳೀಲಿ, ಆಮ್ಯಾಲೆ ಹುಲ್ಲು ಹಾಸೂಣು. ಈಗ ಹಾಸಿದ್ರ ಕೊಚ್ಕೊಂಡ್ ಹೋಗ್ತೈತಿ."

ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಆದರೆ ಎರಡನೇ ಕಂತು ಬರುವುದು ಹುಲ್ಲು ಹಾಸಿದ ದಿನ. ಮೊದಲನೇ ಕಂತು ಮಣ್ಣಿಗೂ ಗೊಬ್ಬರಕ್ಕೂ ಮುಗಿದು, ಸಂಘದ ಮಿಕ್ಕ ದುಡ್ಡು ಹುಲ್ಲಿನ ಮುಂಗಡಕ್ಕೆ ಹೋಗಿ, ಡಬ್ಬಿಯಲ್ಲಿ ಉಳಿದದ್ದು ಎಂಟುನೂರು. ಮನೆಯ ಖರ್ಚಿನ ಡಬ್ಬಿಯಿಂದ ವ್ಯಾಪಾರದ ಡಬ್ಬಿಗೆ, ಅದರಿಂದ ಇದಕ್ಕೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು. ಮಣ್ಣು ಕೂರುವವರೆಗೆ ಕಾಯುವ ತಾಳ್ಮೆ ನನಗಿತ್ತು, ಡಬ್ಬಿಗೆ ಇರಲಿಲ್ಲ. ಮನೆಗೆ ಸೂರಿನ ನೀರು ಹಿಡಿಯುವ ದೋಣಿಯಾದರೂ ಹಾಕಿಸಿ ಎಂದು ಪ್ರಸನ್ನ ಅವರಿಗೆ ಹೇಳಿ ನೋಡಿದೆ. ಹಳೇ ಕಾಲದ ಹೆಂಚಿನ ಮನೆಯ ಚಂದ ಹೋಗುತ್ತದೆ ಎಂದರು. ಮೇ ಕೊನೆಯ ವಾರ ಹುಲ್ಲು ಹಾಸಿದೆವು. ಅದೇ ಸಂಜೆ ಎರಡನೇ ಕಂತು ಬಂತು. ಹುಲ್ಲಿನವನ ಬಾಕಿ ಕೊಟ್ಟೆ, ಆಳುಗಳ ಬಟವಾಡೆ ಮಾಡಿದೆ, ಹಾಸಿನ ಅಂಚಿಗೆ ಡೇರೆ ನೆಟ್ಟೆ.

ಜೂನ್ ಎರಡನೇ ವಾರ ಹಿಡಿದ ಮಳೆ ಹದಿನೈದು ದಿನ ಬಿಡಲಿಲ್ಲ. ಸೂರಿನ ನೀರು ಸಾಲಾಗಿ ಬಿದ್ದು ಹಾಸಿನ ಮೇಲೆ ಗೆರೆ ಕೊರೆಯಿತು, ಗೆರೆ ಕಾಲುವೆಯಾಯಿತು, ಕಾಲುವೆ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಕಾಂಪೌಂಡಿನ ಗೋಡೆಗೆ ತಂದು ಒತ್ತಿತು. ನಾನು ಹೋಗಿ ನೋಡುವಾಗ ಅರ್ಧಕ್ಕರ್ಧ ನೆಲ ಬೋಳು. ಡೇರೆಯ ಸಾಲಿನ ಬದು ಎತ್ತರವಿದ್ದದ್ದಕ್ಕೆ ಅದೊಂದು ಉಳಿದಿತ್ತು. ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಕೈ ಕೆಸರಾದರೆ ಬಾಯಿ ಮೊಸರಂತೆ! ನನಗೆ ಎರಡೂ ಕೆಸರೇ ಆಯಿತು.

ಪ್ರಸನ್ನ ಕೂಗಾಡಲಿಲ್ಲ. "ಅಕ್ಕಾ, ಸರಿ ಮಾಡಿ ಕೊಡಿ. ನವರಾತ್ರಿಗೆ ಓಪನಿಂಗ್ ಇಟ್ಕೊಂಡಿದೀನಿ. ಕೊನೇ ಕಂತು ಅದರ ಮೇಲೆ ಕೊಡ್ತೀನಿ" ಎಂದರು. ನ್ಯಾಯವಾದ ಮಾತೇ. ಜುಲೈ ಪೂರ್ತಿ ನೀಲಮ್ಮ ಮತ್ತು ಅವಳ ಮೂವರು ಹೆಂಗಸರು ಮಳೆಗೆ ತಲೆ ಮೇಲೆ ಗೊಪ್ಪೆ ಹಾಕಿಕೊಂಡು ಚರಂಡಿ ತೆಗೆದರು, ಮಣ್ಣು ಎಳೆದರು, ಉಳಿದ ಹುಲ್ಲನ್ನು ತುಂಡು ತುಂಡು ಮಾಡಿ ಮತ್ತೆ ನೆಟ್ಟರು. ಕೊನೆಯ ಎರಡು ವಾರದ ಪಗಾರ ಕೊಡಲು ನನ್ನ ಹತ್ತಿರ ಇರಲಿಲ್ಲ. ಹದಿನಾರು ಸಾವಿರದ ಎಂಟುನೂರು. ಚೌತಿಗೆ ಹತ್ತು ದಿನವಿದ್ದಾಗ ನೀಲಮ್ಮ ಮನೆಗೆ ಬಂದಳು. ಕೇಳಲಿಲ್ಲ. ಚಹಾ ಕುಡಿದಳು, ಮಳೆಯ ಮಾತಾಡಿದಳು, ಎದ್ದು ನಿಂತು ಅಂದಳು: "ನಂದ ಇರ್ಲಿ ಬಿಡ್ರಿ. ಹೆಣ್ಮಕ್ಕಳದಷ್ಟ ಆದ್ರ… ಹಬ್ಬ ಬಂತಲ್ರಿ." ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಲೆಕ್ಕದ ಪುಸ್ತಕ ಹಿಡಿದುಕೊಂಡು ಶಾನಭಾಗರ ಮನೆಗೆ ಹೋದೆ. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಸಣ್ಣ ಪುಟ್ಟ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುತ್ತಿದ್ದರು. ಕನ್ನಡಕ ಏರಿಸಿ ಪುಟ ಪುಟ ತಿರುವಿದರು.

"ತಂಗಿ, ಹೂವಿನ ಗಿಡ ಹಾಕಿದ್ದೀ ಅಂದ್ಯಲ್ಲ, ಅದರ ಖರೀದಿ ಎಲ್ಲಿ?"

"ಖರೀದಿ ಮಾಡಿದ್ದಲ್ಲ. ಊರಿನವರು ಕೊಟ್ಟದ್ದು."

"ಅಡ್ಡಿಲ್ಲ. ಬಿಲ್ಲಿನಲ್ಲಿ ಎಲ್ಲಿ ಹಾಕಿದ್ದೀ?"

"ಹಾಕಲಿಲ್ಲ."

ಅವರು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದರು. "ನಿನ್ನ ಹತ್ತಿರ ಇರುವ ಮಾಲಿನಲ್ಲಿ ಚಲೋದು ಅಂದರೆ ಅದೊಂದೇ. ಅದನ್ನೇ ಪುಕ್ಕಟೆ ಕೊಟ್ಟಿದ್ದೀ. ಹುಲ್ಲು ಯಾರು ಬೇಕಾದರೂ ಹಾಸುತ್ತಾರೆ. ಈ ಡೇರೆ ಹುಬ್ಬಳ್ಳಿಯವ ಎಲ್ಲಿಂದ ತರುತ್ತಾನೆ? ಹೆಚ್ಚುವರಿ ಬಿಲ್ಲು ಮಾಡು, ಗಿಡದ್ದು. ಕೇಳು, ಕೊಡ್ತಾರೆ."

ನೀಲಮ್ಮನ ಆ ಅರ್ಧ ಮಾತು ಕಿವಿಯಲ್ಲಿ ಇತ್ತು. ಆಮೇಲೆ ಅಲ್ಲೇ, ಅವರ ಮೇಜಿನ ಮೇಲೆ, ಬಿಲ್ಲಿನ ಪುಸ್ತಕ ತೆರೆದು ಬರೆಯತೊಡಗಿದೆ. ಭಾಗೀರಥಿ ಬಿಳಿ, ಇಪ್ಪತ್ತು. ಮಾಸ್ತರ್ರ ಹೆಂಡ್ತಿ ನೇರಳೆ, ಹನ್ನೆರಡು. ಶಾನಭಾಗರು ಬಗ್ಗಿ ನೋಡಿ ನಕ್ಕುಬಿಟ್ಟರು. "ಏ ತಂಗಿ, ಇದೆಂಥದು! ಮದುವೆಗೆ ಕರೆಯುವವರ ಪಟ್ಟಿಯಾ? ಡೇರೆ, ಮಿಶ್ರ ಬಣ್ಣ, ನೂರಾ ನಲವತ್ತು. ಅಷ್ಟೇ ಬರಿ. ಮುಂದೆ ದರ." ಆ ಹಾಳೆ ಹರಿದು ಇನ್ನೊಂದರಲ್ಲಿ ಹಾಗೆಯೇ ಬರೆದೆ. ದರ ತೊಂಬತ್ತು. ನರ್ಸರಿಯಲ್ಲಿ ನೂರಾ ಇಪ್ಪತ್ತಿತ್ತು. ಕಡಿಮೆ ಹಾಕಿ ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ. ಉಳಿದ ಗಿಡಗಳೆಲ್ಲ ಸೇರಿ ಒಟ್ಟು ಇಪ್ಪತ್ತು ಸಾವಿರ. ಕಮಲಿ ಕೆಂಪು ಆ ನೂರಾ ನಲವತ್ತರಲ್ಲಿ ಒಂದು.

ಪ್ರಸನ್ನ ಬಿಲ್ಲು ನೋಡಿ, "ಇದನ್ನ ಮೊದಲೇ ಹೇಳೋದಲ್ವಾ ಅಕ್ಕಾ, ನಾನೇ ಅಂದ್ಕೊಂಡಿದ್ದೆ ಗಿಡದ್ದು ಎಲ್ಲಿ ಅಂತ" ಎಂದು ನಿಂತಲ್ಲೇ ಮೊಬೈಲಿನಿಂದ ಹಾಕಿದರು. ಸಂಜೆಗೆ ಎಲ್ಲರ ಪಗಾರ ಚುಕ್ತಾ. ಹೆಂಗಸರು ಅಲ್ಲಿಂದಲೇ ಸೀರೆ ಅಂಗಡಿಗೆ ಹೋದರು. ಸುಳ್ಳು ಹೇಳುವುದಿಲ್ಲ, ಆ ದಿನ ನನಗೆ ಖುಷಿಯಾಯಿತು. ವ್ಯಾಪಾರ ಅಂದರೆ ಇದು, ಇಷ್ಟು ದಿನ ಪೆದ್ದಿಯಾಗಿದ್ದೆ ಅನ್ನಿಸಿತು. ಮನ್ಮನೆಯವರಿಗೆ ಹೇಳಬೇಕು ಎಂದು ಒಮ್ಮೆ ಬಂತು. ಕೊನೇ ಕಂತು ಬರಲಿ, ಎಲ್ಲರಿಗೂ ಒಂದೊಂದು ಸೀರೆ ತೆಗೆದುಕೊಂಡು ಹೋಗಿ ಹೇಳಿದರಾಯಿತು ಎಂದು ಮುಂದೆ ಹಾಕಿದೆ.

ನವರಾತ್ರಿಯ ಹೊತ್ತಿಗೆ ಮಳೆ ನಿಂತು ಹೊಳವಾಗಿತ್ತು. ಡೇರೆಗಳು ಹುಚ್ಚು ಹಿಡಿದ ಹಾಗೆ ಹೂಬಿಟ್ಟಿದ್ದವು. ಓಪನಿಂಗಿಗೆ ದೊಡ್ಡಮ್ಮನನ್ನು ಕರೆತರುತ್ತೇನೆ ಎಂದು ನಾನೇ ಹಟ ಹಿಡಿದು ಬಾಡಿಗೆ ಕಾರು ಮಾಡಿದೆ. ದೊಡ್ಡಮ್ಮ ಪಟ್ಟೆಸೀರೆ ಉಟ್ಟು ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಕಾರು ಹೊಂಡ ಹಾರಿದಾಗಲೆಲ್ಲ ಚೀಲದಲ್ಲಿ ಏನೋ ಕಿಣಿ ಕಿಣಿ ಅನ್ನುತ್ತಿತ್ತು. ಎಂತದು ಎಂದು ಕೇಳಿದೆ. ನಾಚಿಕೆಯಿಂದ ನಕ್ಕಳು.

"ಗಂಟೆ. ಮಳೆಗೆ ನಿನ್ನ ಹುಲ್ಲು ತೊಳ್ಕ ಹೋತು ಹೇಳಿ ಗೊತ್ತಾತಲೆ, ಆಗ ಹೇಳ್ಕಂಡಿದ್ದಿ. ಕೂಸಿನ ಕೆಲ್ಸ ಒಂದು ಹಂತಕ್ಕೆ ಬಂದ್ರೆ ಚಂದಗುಳಿ ಗಣಪತಿಗೆ ಒಂದು ಗಂಟೆ ಕಟ್ತೆ ಹೇಳಿ. ಬಪ್ಪಕಾರೆ ಹೋಪನ."

ಹೋಮ್‌ಸ್ಟೇ ಅಂಗಳದಲ್ಲಿ ಜನವೋ ಜನ. ದೊಡ್ಡಮ್ಮ ಯಾರನ್ನೂ ನೋಡಲಿಲ್ಲ. ಸೀದಾ ಹೂವಿನ ಸಾಲಿಗೆ ಹೋಗಿ, ಒಂದೊಂದು ಗಿಡದ ಎದುರು ನಿಂತು, ಹೂವಿನ ಗಲ್ಲ ಹಿಡಿದು ಮೇಲೆತ್ತಿ ಮಾತಾಡಿಸುತ್ತ ಹೋದಳು. "ನೋಡೇ, ಭಾಗೀರಥಿ ಬಿಳಿ! ಅವಳ ಮನೆಲಿ ಇಷ್ಟು ದೊಡ್ಡ ಆಜಿಲ್ಲೆ… ಇದು ಮಾಸ್ತರ್ರ ಹೆಂಡ್ತಿದು… ಅಯ್ಯೋ, ಇಲ್ಲಿದ್ಯನೆ ಕಮಲಿ!" ನಾನು ಹಿಂದೆ ಹಿಂದೆ ನಡೆಯುತ್ತ ಬೀಗುತ್ತಿದ್ದೆ. ನನ್ನ ಅಮ್ಮ ಹೂವಾಗಿ ಯಲ್ಲಾಪುರದ ರಸ್ತೆಯ ಪಕ್ಕ ನಿಂತಿದ್ದಳು, ಅಂಗೈ ಅಗಲ.

ಪ್ರಸನ್ನ ತಟ್ಟೆಯಲ್ಲಿ ಸಿಹಿ ಹಿಡಿದು ಬಂದರು. ಇವರ ಅಂಗಳದ್ದೇ ಗಿಡ ಎಂದು ನಾನು ಪರಿಚಯ ಮಾಡಿಕೊಟ್ಟೆ. ಅವರು ಬಗ್ಗಿ ದೊಡ್ಡಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

"ಅಜ್ಜಿ, ನಿಮ್ಮದಾ ಇದು? ಬಂದವರೆಲ್ಲ ಇದನ್ನೇ ಕೇಳ್ತಿದಾರೆ. ಒಂದಕ್ಕೆ ತೊಂಬತ್ತು ರೂಪಾಯಿ ಜಾಸ್ತಿಯಾಯ್ತೇನೋ ಅನ್ಸಿತ್ತು ಮೊದಲು. ಈಗ ನೋಡಿದ್ರೆ ಅಗ್ಗವೇ."

ದೊಡ್ಡಮ್ಮನ ಕೈ ಕಮಲಿ ಕೆಂಪಿನ ಮೇಲೆ ಇತ್ತು. ಮೆಲ್ಲಗೆ ತೆಗೆದಳು. ಸಿಹಿ ತೆಗೆದುಕೊಂಡಳು, ತಿಂದಳು, ಚೊಲೋ ಇದ್ದು ಎಂದಳು. ಅದರ ಮುಂದಿನ ಗಿಡಗಳನ್ನು ನೋಡಲಿಲ್ಲ. ಅಲ್ಲೇ ಒಂದು ಕುರ್ಚಿಯಲ್ಲಿ ಹೊರಡುವವರೆಗೆ ಕೂತಿದ್ದಳು. ಬಾಯಿ ಬಿಟ್ಟು ಹೇಳುವುದಕ್ಕೆ ಹತ್ತು ಸಲ ಅವಳ ಹತ್ತಿರ ಹೋದೆ, ಹತ್ತು ಸಲವೂ ನೀರು ಬೇಕಾ ದೊಡ್ಡಮ್ಮ ಎಂದು ಕೇಳಿ ಬಂದೆ.

ಚಂದಗುಳಿಗೆ ತಿರುಗುವಲ್ಲಿ ಡ್ರೈವರ್ ನಿಧಾನ ಮಾಡಿದ. ದೊಡ್ಡಮ್ಮ ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದಳು, "ಬ್ಯಾಡ. ಹೊತ್ತಾತು. ಸೀದಾ ಮನೆಗೆ ಹೋಪ." ಹೊತ್ತೇನೂ ಆಗಿರಲಿಲ್ಲ, ಬಿಸಿಲು ಇನ್ನೂ ಚುರುಗುಡುತ್ತಿತ್ತು. ಗಂಟೆ ಮಡಿಲಲ್ಲಿ ಮನ್ಮನೆಯವರೆಗೂ ಕಿಣಿಗುಟ್ಟಿತು. ಅವಳು ಅದನ್ನು ಕೈಯಿಂದ ಒತ್ತಿ ಹಿಡಿದರೂ ಸದ್ದು ನಿಲ್ಲಲಿಲ್ಲ. ಶಿರಸಿ ದಾಟಿದ ಮೇಲೆ ನಾನು, "ಆಳುಗಳಿಗೆ ಕೊಡಲೆ ದುಡ್ಡು ಇತ್ತಿಲ್ಲೆ ದೊಡ್ಡಮ್ಮ" ಎಂದು ಶುರು ಮಾಡಿದೆ. ಅವಳು ತಲೆಯಾಡಿಸಿದಳು. "ಹೌದು ಹೌದು. ಆಳಿಗೆ ಕೊಡವೇ ಸೈ." ಮನೆಯ ದಣಪೆಯ ಹತ್ತಿರ ಇಳಿದವಳು ಒಂದೇ ಒಂದು ಮಾತು ಕೇಳಿದಳು. "ಕಾರಿಗೆ ಎಷ್ಟಾತು?"

ಜಗಳವಾಗಿದ್ದರೆ ಅತ್ತು ಕರೆದು ಸರಿ ಮಾಡಬಹುದಿತ್ತು. ಜಗಳವೇ ಆಗಲಿಲ್ಲ. ಮುಂದಿನ ವಾರ ಭಾಗೀರಥಕ್ಕ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ಊರಿಗೆ ಬಾ ಅನ್ನಲಿಲ್ಲ. ನಾನು ಮನ್ಮನೆಗೆ ಬಂದ ದಿನದಿಂದ ನನ್ನನ್ನು ಏನೇ ಕೂಸೆ ಎನ್ನುತ್ತಿದ್ದವಳು ಆ ದಿನ ನಾಗವೇಣಿ ಎಂದು ಕರೆದಳು.

ಕೊನೇ ಕಂತು ದೀಪಾವಳಿಗೆ ಬಂತು. ಸಂಘದ ಸಾಲದ ಮುಕ್ಕಾಲು ಪಾಲು ಅದರಲ್ಲಿ ತೀರಿತು. ಉಳಿದದ್ದಕ್ಕೆ ಹುಲ್ಲು ಕತ್ತರಿಸುವ ಯಂತ್ರ, ಕೈಗಾಡಿ, ಪೈಪು ಎಲ್ಲ ನೀಲಮ್ಮನಿಗೇ ಮಾರಿದೆ. ನಾನು ಕೇಳಿದ್ದಕ್ಕಿಂತ ಅವಳು ಜಾಸ್ತಿ ಕೊಟ್ಟಳು. ಎರಡನೇ ಕೆಲಸಕ್ಕೆ ಕರೆ ಬಂದಿತ್ತು, ಸಿದ್ದಾಪುರ ಪೇಟೆಯಲ್ಲಿ ಒಬ್ಬ ಡಾಕ್ಟರ ಮನೆ. ಇದೇ ಡೇರೆ ಬೇಕು ಎಂದಿದ್ದರು. ಎಲ್ಲಿಂದ ತರಲಿ? ಕೊಂಡು ತಂದು ಮಾರಲು ನೀಲಮ್ಮನಿಗೆ ಬರುತ್ತಿತ್ತು. "ನಮ್ಮ ಕಡೆ ಬದನಿ ಸಸಿಗೂ ರೊಕ್ಕ ಕೊಡ್ತೇವ್ರಿ ಅಕ್ಕಾರ, ಅದರಾಗೇನೈತಿ?" ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಖರೆ. ನನ್ನ ಕೈ ಏಳಲಿಲ್ಲ. ಶಾನಭಾಗರು ಲೆಕ್ಕ ಮುಗಿಸಿ ಕೊಟ್ಟ ದಿನ ಪೆನ್ನಿನ ಹಿಂಬದಿಯಿಂದ ಒಂದು ಸಾಲು ಕುಟ್ಟಿ ತೋರಿಸಿದರು. "ನೋಡು ತಂಗಿ, ಹುಲ್ಲಿನಲ್ಲಿ ನಷ್ಟ, ಮಣ್ಣಿನಲ್ಲಿ ನಷ್ಟ, ಕೂಲಿಯಲ್ಲಿ ನಷ್ಟ. ಇಡೀ ವರ್ಷದಲ್ಲಿ ನಿನಗೆ ದುಡ್ಡು ಉಳಿದದ್ದು ಒಂದೇ ಬಾಬ್ತಿನಲ್ಲಿ. ಗಿಡ."

ಅವರು ಧೈರ್ಯ ಹೇಳಲಿಕ್ಕೆ ಅಂದದ್ದು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ನನಗೆ ಹೊಳೆದ ಉಪಾಯ ಕೇಳಿದರೆ ಈಗ ನನಗೇ ನಗು ಬರುತ್ತದೆ, ನಗುವೇ ಅದು ಎಂದು ಹೇಳಲಾರೆ. ತೆಗೆದುಕೊಂಡದ್ದನ್ನು ಅವರವರಿಗೆ ಕೊಟ್ಟುಬಿಡುವುದು. ಯಾರ ಅಂಗಳದ್ದು ಎಷ್ಟು ಗಡ್ಡೆ ಎನ್ನುವುದು ನನಗೆ ಬಾಯಿಪಾಠವಿತ್ತು. ಮೊದಲು ದೊಡ್ಡಮ್ಮ. ಅವಳು ಹತ್ತು ಬೈದು, ಲಕೋಟೆ ಮುಖಕ್ಕೆ ಎಸೆದು, ನಿನ್ನ ದುಡ್ಡು ಯಾರಿಗೆ ಬೇಕೆ ಎಂದು ಒಳಗೆ ಎಳೆದುಕೊಂಡು ಹೋಗುತ್ತಾಳೆ. ಅದಾಯಿತೆಂದರೆ ಉಳಿದ ಆರು ಮನೆಯವರೂ ಸಮಾಧಾನವಾಗುತ್ತಾರೆ. ನಿಜ ಹೇಳಬೇಕೆಂದರೆ, ಅವಳು ತೆಗೆದುಕೊಳ್ಳುವುದಿಲ್ಲ ಎನ್ನುವ ಧೈರ್ಯದ ಮೇಲೆಯೇ ನಾನು ಕೊಡಲು ಹೊರಟದ್ದು. ಮೂವತ್ತೊಂದಕ್ಕೆ ತೊಂಬತ್ತರ ಹಾಗೆ ಎರಡು ಸಾವಿರದ ಏಳುನೂರಾ ತೊಂಬತ್ತು. ಚಿಲ್ಲರೆ ಹೊಂದಿಸಿ ಲಕೋಟೆಯಲ್ಲಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋದೆ.

ಅಂಗಳದಲ್ಲಿ ಡೇರೆಯ ಗಿಡಗಳು ಒಣಗಿ, ಗಡ್ಡೆ ಕಿತ್ತು ಒಂದು ಕಡೆ ಆರಲು ಹಾಕಿದ್ದರು. ದೊಡ್ಡಮ್ಮ ಅದರ ಮಣ್ಣು ಕೊಡವುತ್ತಿದ್ದವಳು ನನ್ನನ್ನು ಕಂಡು ಎದ್ದಳು.

"ಬಾ ನಾಗವೇಣಿ. ಕೂತ್ಗ."

ಜಗಲಿಯ ಮೇಲೆ ಕುರ್ಚಿ ಹಾಕಿಸಿದಳು. ಆ ಮನೆಯಲ್ಲಿ ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತವಳು, ಹಿತ್ತಿಲ ಬಾಗಿಲಿನಿಂದ ಬರುವವಳು. ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಸೊಸೆ ಟ್ರೇಯಲ್ಲಿ ಚಹಾ ತಂದಳು, ಜೊತೆಗೆ ಎರಡು ಬಿಸ್ಕತ್ತು. ನಾನು ಕುಡಿದು ಮುಗಿಸುವವರೆಗೆ ದೊಡ್ಡಮ್ಮ ಅಡಿಕೆ ಕತ್ತರಿಸುತ್ತ ನಮ್ಮನೆಯವರ ಆರೋಗ್ಯ ಕೇಳಿದಳು. ನಾನು ಲಕೋಟೆಯನ್ನು ಅವಳ ಎದುರು ಇಟ್ಟೆ.

"ತಪ್ಪಾತು ದೊಡ್ಡಮ್ಮ. ಹೇಳ್ದೆ ಮಾಡಿಬಿಟ್ಟಿ. ಇದು ನಿಂದು."

ಅವಳು ಲಕೋಟೆ ನೋಡಿದಳು, ನನ್ನನ್ನು ನೋಡಿದಳು. ಎಸೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಕೈ ಒರೆಸಿಕೊಂಡು, ಸೊಸೆಯ ಹತ್ತಿರ ಕನ್ನಡಕ ತರಿಸಿ, ಲಕೋಟೆ ಬಿಚ್ಚಿದಳು.

"ಎಷ್ಟು ಗಡ್ಡೆದು?"

"ಮೂವತ್ತೊಂದು."

"ತೊಂಬತ್ತರ ಹಾಂಗಲ್ದಾ?"

ನಾನು ಹೌದೆಂದೆ. ದೊಡ್ಡಮ್ಮ ನೋಟು ನೆಕ್ಕಿ ನೆಕ್ಕಿ ಎಣಿಸಿದಳು. ಐನೂರರದ್ದು ಐದು, ನೂರರದ್ದು ಎರಡು, ಉಳಿದ ಚಿಲ್ಲರೆ. ಎರಡು ಸಲ ಎಣಿಸಿದಳು. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಹಾಲಿನ ಡೇರಿಯ ಬಟವಾಡೆ ಎಣಿಸಿಕೊಳ್ಳುವಾಗ ಅವಳ ಮುಖ ಹೀಗೇ ಇರುತ್ತಿತ್ತು.

"ಗಾಡಿ ಬಾಡಿಗೆ ಹಿಡ್ಕಂಡಿದ್ಯಾ ಇದ್ರಲ್ಲಿ? ಇಲ್ಲಿಂದ ಯಲ್ಲಾಪುರಕ್ಕೆ ತಗಂಡು ಹೋದ್ದು?"

"ಇಲ್ಲೆ."

"ಅದು ಹಿಡ್ಕಳವು. ಲುಕ್ಸಾನು ಮಾಡ್ಕಳಡ. ಮುನ್ನೂರು ಆಗ್ತೇನ ನನ್ನ ಪಾಲಿಂದು."

ಲಕೋಟೆಯೊಳಗಿನ ಎರಡು ನೂರರ ನೋಟು ತೆಗೆದಳು. ಸೊಂಟದ ಸಂಚಿ ಬಿಚ್ಚಿ ಎಲೆ ಅಡಿಕೆಯ ಅಡಿಯಿಂದ ಮಡಚಿದ ಇನ್ನೊಂದು ನೂರರ ನೋಟು ತೆಗೆದು ಅದರ ಮೇಲಿಟ್ಟಳು. ಮೂರನ್ನೂ ನನ್ನ ಕೈಗೆ ಕೊಟ್ಟಳು.

"ಎಣ್ಸಿ ನೋಡ್ಕ."

ನಾನು ಎಣಿಸಿದೆ. ಸರಿಯಾಗಿತ್ತು.